ಉಂಡ ಮೇಲೆ ನೂರು ಹೆಜ್ಜೆ

ವೈದ್ಯೆಯ ಕೈಗೆ ಸಿಕ್ಕವರು ಸುಲಭವಾಗಿ ಬಿಡಿಸಿಕೊಂಡು ಹೋಗುವಂತಿರಲಿಲ್ಲ. ಹೊಟ್ಟೆಯುಬ್ಬರ ಎಂದು ಬಂದವರನ್ನೂ ಎಷ್ಟು ಗಂಟೆಗೆ ಮಲಗುತ್ತೀರಿ, ಯಾರ ಮೇಲೆ ಸಿಟ್ಟಿದೆ, ಊಟಕ್ಕೆ ಕೂತಾಗ ನಿಜವಾಗಿ ಹಸಿದಿರುತ್ತೀರಾ ಎಂದು ಅರ್ಧ ಗಂಟೆ ಜಾಲಾಡಿದ ಮೇಲೆಯೇ ಔಷಧಿ. ನಾಡಿ ನೋಡುವುದಂತೂ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಮಾತ್ರ. ಉಂಡು ಬಂದವನ ನಾಡಿಯಲ್ಲಿ ಊಟದ ಸುದ್ದಿ ಬಿಟ್ಟು ಬೇರೇನೂ ತಿಳಿಯದು ಎಂದು ಗುರುಗಳು ಕಲಿಸಿದ್ದರು. ಇಷ್ಟು ವರ್ಷದಲ್ಲಿ ಆ ನಿಯಮವನ್ನು ಅವಳು ಒಮ್ಮೆಯೂ ಮುರಿದಿರಲಿಲ್ಲ.

ಈ ಉಪಚಾರವೆಲ್ಲ ಹೊರಗಿನವರಿಗೆ. ಒಡಹುಟ್ಟಿದ ಅಣ್ಣನಿಗೆ ಮಾತ್ರ ನಿಂತ ನಿಲುವಿನಲ್ಲೇ ಚಿಕಿತ್ಸೆ.

ಅಣ್ಣ ದರ್ಜಿ. ಎರಡು ಬೀದಿಯಾಚೆ ಅವನ ಅಂಗಡಿ. ಒಂದು ಮಧ್ಯಾಹ್ನ ಅಲ್ಲೇ ಬುತ್ತಿ ಬಿಚ್ಚಿ ಉಂಡು, ಕೊರಳಲ್ಲಿ ಅಳತೆಯ ಟೇಪು ನೇತುಹಾಕಿಕೊಂಡೇ ಬಂದ. ಎದೆಯಲ್ಲಿ ಉರಿ ಎಂದ.

“ಊಟ ಯಾವಾಗ ಮಾಡ್ತೀಯ?”

“ಹೊಲಿಗೆ ಬಿಟ್ಟಾಗ.”

“ಮಲಗೋದು?”

“ಅದೂ ಹೊಲಿಗೆ ಬಿಟ್ಟಾಗ.”

ವೈದ್ಯೆಗೆ ನಗು ಬಂತು. ಹೊತ್ತುಗೊತ್ತಿಲ್ಲದ ಊಟ, ಕೆಟ್ಟ ನಿದ್ದೆ, ಸದಾ ಗಡಿಬಿಡಿ. ಪಿತ್ತ ಕೆರಳದೆ ಇನ್ನೇನಾದೀತು? ಹುಳಿ, ಖಾರ ಬಿಡಿಸಿದಳು. ಹೊತ್ತಿಗೆ ಸರಿಯಾಗಿ ಊಟ, ಹತ್ತರೊಳಗೆ ನಿದ್ದೆ, ಉಂಡ ಮೇಲೆ ಕೂರದೆ ನೂರು ಹೆಜ್ಜೆ.

“ನಾಳೆ ಬೆಳಿಗ್ಗೆ ಏನೂ ತಿನ್ನದೆ ಬಾ, ನಾಡಿ ನೋಡ್ತೀನಿ,” ಎಂದಳು.

ಬೆಳಿಗ್ಗೆ ಗಿರಾಕಿಗಳು ಬಿಡಬೇಕಲ್ಲ. ವಾರದ ಮೇಲೆ ಅಣ್ಣ ಬಂದದ್ದು ಮತ್ತೆ ಮಧ್ಯಾಹ್ನವೇ. ಅವಳು ಚೂರ್ಣವನ್ನು ಜರಡಿ ಹಿಡಿಯುತ್ತಿದ್ದಳು.

“ನಿದ್ದೆ ಚೆನ್ನಾಗಿ ಬರ್ತಿದೆ. ಆದ್ರೆ ಆ ನೂರು ಹೆಜ್ಜೆ ಹಾಕುವಾಗ್ಲೇ ಉರಿ ಏಳುತ್ತೆ ನೋಡು. ಕೂತ್ರೆ ಹೋಗುತ್ತೆ. ನಿಲ್ಲಿಸಿಬಿಡ್ಲಾ?”

“ಜನ್ಮವೆಲ್ಲ ಮಿಷನ್ ಮುಂದೆ ಕೂತ ಮೈ ಅದು. ವಾರಕ್ಕೇ ಸೋಮಾರಿತನಾನಾ? ನಡಿ.”

“ಒಂದ್ಸಲ ಕೈ ನೋಡ್ತೀಯಾ?” ಅಣ್ಣ ಮಣಿಕಟ್ಟು ಚಾಚಿದ.

“ಊಟ ಆಗಿದೆ ತಾನೇ? ಈಗ ನೋಡಿದ್ರೆ ಏನೂ ತಿಳಿಯಲ್ಲ. ಬೆಳಿಗ್ಗೆ ಬಾ ಅಂದಿದ್ದೆ.”

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ನಡೆದರೆ ಉರಿ, ಕೂತರೆ ಇಲ್ಲ ಎಂದು ಬೇರೆ ಯಾರಾದರೂ ಹೇಳಿದ್ದರೆ ಅವಳು ಜರಡಿ ಕೆಳಗಿಟ್ಟು, ಇದು ಹೊಟ್ಟೆಯದಲ್ಲ, ಹೃದಯದ್ದು ಎಂದು ಆಗಲೇ ಆಸ್ಪತ್ರೆಗೆ ಅಟ್ಟುತ್ತಿದ್ದಳು. ಹಾಗೆ ಎಷ್ಟೋ ಜನರನ್ನು ಅಟ್ಟಿದ್ದಾಳೆ. ಅಣ್ಣನ ಮಾತು ಅವಳ ಕಿವಿಗೆ ಬಿತ್ತು, ಅಷ್ಟೇ.

ಮೂರನೆಯ ದಿನ ಮಧ್ಯಾಹ್ನ ದರ್ಜಿಯ ಪಕ್ಕದ ಅಂಗಡಿಯವನು ಓಡಿ ಬಂದ. ಅವಳು ಹೋಗುವಷ್ಟರಲ್ಲಿ ಅಣ್ಣನನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಮಲಗಿಸಿದ್ದರು. ಉಂಡ ಬುತ್ತಿ ಇನ್ನೂ ಮಿಷನ್ ಪಕ್ಕದಲ್ಲೇ ಇತ್ತು. ವೈದ್ಯೆ ಅವನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟಳು. ಒತ್ತಿದಳು, ಸರಿಸಿ ಒತ್ತಿದಳು, ಇನ್ನೊಂದು ಕೈ ಹಿಡಿದಳು. ಏನೂ ಸಿಗಲಿಲ್ಲ. ಆದರೂ ಕೈ ಬಿಡಲು ಮನಸ್ಸು ಬರಲಿಲ್ಲ.

ಅತ್ತಿಗೆ ಬಂದು ಗಂಡನ ಕಾಲ ಬಳಿ ಕುಸಿದು ಕೂತಳು. ಬಹಳ ಹೊತ್ತಿನ ಮೇಲೆ ಎದ್ದು ನಾದಿನಿಯ ಬೆನ್ನು ಸವರಿದಳು. ಅದರ ಬದಲು ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

“ಉರಿಯುತ್ತೆ, ಇವತ್ತು ನಡೆಯಲ್ಲ ಅಂತಿದ್ರು ಬೆಳಿಗ್ಗೆ,” ಎಂದಳು ಅತ್ತಿಗೆ. “ನಾನೇ ಬೈದೆ, ಅವಳು ಸುಮ್ಸುಮ್ನೆ ಹೇಳ್ತಾಳಾ ಅಂತ. ನಿನ್ನ ಮಾತು ಒಂದು ದಿನಾನೂ ತಪ್ಪಿಸ್ಲಿಲ್ಲ ನೋಡು.”