ನೇಜಿಯ ಮಟ್ಟು

ಹೇಳಿಬಿಟ್ಟರೆ ಏನಾದೀತು? ಯಾರೂ ಎದ್ದು ಹೋಗಲಾರರು. ಮುಂದಿನ ಶುಕ್ರವಾರ ಹಾರ್ಮೋನಿಯಂ ಬೇರೆಯವರ ಮುಂದಿರಬಹುದು, ಅಷ್ಟೇ. ಅಥವಾ ಅದೂ ಆಗದೆ ಇರಬಹುದು. ಯಾವುದೆಂದು ತಿಳಿಯದೆ ಪೂವಪ್ಪ ತಿದಿಯನ್ನು ಸುಮ್ಮನೆ ಒತ್ತುತ್ತಿದ್ದ.

"ಮಟ್ಟು ಯಾರದು ಅಂತ ಬರೀಲಿ?" ಎಂದು ಕ್ಯಾಸೆಟ್ಟಿನ ಚೀಟಿ ಹಿಡಿದ ಸರಸ್ವತಮ್ಮ ಮತ್ತೆ ಕೇಳಿದರು. ಮಸ್ಕತ್ತಿನ ಅಲ್ ಖುವೈರಿನ ಅವರ ಫ್ಲ್ಯಾಟಿನಲ್ಲಿ ಆಗಷ್ಟೇ ಭಜನೆ ಮುಗಿದಿತ್ತು. ಅವರು ಬರೆದ ದೇವಿಯ ಪದ ಕ್ಯಾಸೆಟ್ಟಿಗೆ ಸೇರಿತ್ತು. ಅದಕ್ಕೆ ಮಟ್ಟು ಕೂಡಿಸಿದವನು ಪೂವಪ್ಪ.

ಪುತ್ತೂರಿನ ಕಡೆ ಪರರ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಅವನ ತಾಯಿ ಹಾಡುತ್ತಿದ್ದ ಮಟ್ಟು ಅದು. ಗಂಡಸರನ್ನು ಗೇಲಿ ಮಾಡುವ ತುಳು ಪದ. ಆ ಗದ್ದೆಯ ಧಣಿಗಳ ಜಗಲಿಯನ್ನು ಅವಳು ಎಂದೂ ಹತ್ತಿದವಳಲ್ಲ. ಮಸ್ಕತ್ತಿನಲ್ಲಿ ಯಾರೂ ಅವನ ಜಾತಿ ಕೇಳಿರಲಿಲ್ಲ. ಅವನ ಡಿಗ್ರಿ, ಹಾರ್ಮೋನಿಯಂ ನೋಡಿ ಏನೋ ಊಹಿಸಿಕೊಂಡಿದ್ದರು. ಆ ಊಹೆಯೊಳಗೆ ಅವನು ಐದು ವರ್ಷ ಬದುಕಿದ್ದ.

"ಇದರ ತಾಳ ಮೈ ಬಗ್ಗಿಸಿ ಏಳುವ ಹಾಗೆ ಉಂಟಲ್ಲ ಮಾರಾಯ," ಎಂದ ಜಾರ್ಜ್, ಟೇಪನ್ನು ಹಿಂದಕ್ಕೆ ಸುತ್ತುತ್ತ. ರೆಕಾರ್ಡ್ ಮಾಡಲು ಬಂದಿದ್ದ ಅವನು ಪೂವಪ್ಪನ ಆಫೀಸಿನವನು, ಚರ್ಚಿನ ಕೊಯರಿನಲ್ಲಿ ಹಾಡುವವನು.

"ದೇವರ ಪದಕ್ಕೆ ಹಾಗೆಲ್ಲ ಅನ್ನಬಾರದಪ್ಪ," ಎಂದರು ಸರಸ್ವತಮ್ಮ.

"ತಪ್ಪೇನಮ್ಮ? ಏಳ್ನೂರು ವರ್ಷದ ಹಿಂದೆ ಫ್ರಾನ್ಸಿನಲ್ಲಿ ಬೀದಿಯ ಪ್ರೇಮಗೀತೆಯ ಮಟ್ಟನ್ನೇ ಯೇಸುವಿನ ತಾಯಿ ಮರಿಯಮ್ಮನಿಗೆ ಹಾಡ್ತಿದ್ರಂತೆ. ನಮ್ಮ ಫಾದರ್ ಹೇಳಿದ್ದು. ಕೆಲವು ಹಾಡಲ್ಲಂತೂ ಕೆಳಗಿನ ದನಿಯಲ್ಲಿ ಲ್ಯಾಟಿನ್ ಸ್ತೋತ್ರ, ಮೇಲೆ ಹುಡುಗಿಯ ಮೇಲಿನ ಹಾಡು, ಎರಡೂ ಒಟ್ಟೊಟ್ಟಿಗೆ. ದೊಡ್ಡ ಪಾದ್ರಿಗಳು ಬೈದರೂ ಬಿಡ್ಲಿಲ್ಲ."

"ಹಾಗಾದ್ರೆ ಮರಿಯಮ್ಮ ಯಾವುದನ್ನ ಕೇಳಿಸ್ಕೊಳ್ತಿದ್ರು?"

"ಎರಡನ್ನೂ. ಎರಡು ಕಿವಿ ಉಂಟಲ್ಲ ಅವರಿಗೆ."

ಸರಸ್ವತಮ್ಮ ಜೋರಾಗಿ ನಕ್ಕರು. ಹೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಅನ್ನಿಸಿತು ಪೂವಪ್ಪನಿಗೆ. ಅವನು ತಿದಿಯಿಂದ ಕೈ ತೆಗೆದ.

"ಪೂವಪ್ಪನವರೇ, ನಿಮ್ಮದು ಸಂಗೀತದ ಮನೆತನವೇ ಇರಬೇಕು. ತಂದೆಯವರು ಹೇಳಿಕೊಟ್ಟಿದ್ದಾ, ಗುರುಗಳಾ?"

ಸರಸ್ವತಮ್ಮ ಪ್ರೀತಿಯಿಂದಲೇ ಕೇಳಿದ್ದರು.

"ಸಾಂಪ್ರದಾಯಿಕ ಅಂತ ಬರೀರಿ ಅಮ್ಮ."

ಅವರು ಗುಂಡು ಅಕ್ಷರಗಳಲ್ಲಿ ಹಾಗೆಯೇ ಬರೆದರು.

ಕ್ಯಾಸೆಟ್ಟಿನ ಒಂದು ಪ್ರತಿ ಊರಿಗೆ ಹೋಯಿತು. ತಿಂಗಳ ನಂತರ ತಾಯಿ ನೆರೆಮನೆಯ ಹುಡುಗಿಯಿಂದ ಬರೆಸಿದ ಕಾಗದ ಬಂತು. ಪದ ಕೇಳಿ ಎರಡು ದಿನ ನಗುತ್ತಲೇ ಇದ್ದಳಂತೆ. ಕೊನೆಯ ಸಾಲಿನಲ್ಲಿ ಕೇಳಿದ್ದಳು: "ನನ್ನ ಪದ ಅಂತ ಗೊತ್ತಾದಾಗ ಅಲ್ಲಿಯ ದೊಡ್ಡವರು ಏನು ಹೇಳಿದರು ಮಗಾ?"

ತುಂಬ ಮೆಚ್ಚಿದರು ಎಂದು ಪೂವಪ್ಪ ಉತ್ತರ ಬರೆದ.

ಒಮಾನಿನಲ್ಲಿ ಅವನು ಮತ್ತೆ ಎಂಟು ವರ್ಷ ಇದ್ದ. ಆ ಮಟ್ಟು ತನ್ನ ತಾಯಿಯದೆಂದು ಯಾರಿಗೂ ಹೇಳಲಿಲ್ಲ.