ಆರು ಹತ್ತರ ಲಾಗಿನ್

ಅಕ್ಕನ ಮೇಲೆ ನನಗೆ ಹದಿನೆಂಟು ದಿನಗಳಿಂದ ಕೋಪ. ಅವಳು ಒಂದು ಮಾತೂ ಕಳಿಸಿರಲಿಲ್ಲ. ಅವಳಾಗಿ ಮಾತಾಡುವ ತನಕ ನಾನೂ ಆಡುವುದಿಲ್ಲ ಎಂದು ಕೂತಿದ್ದೆ. ನನ್ನದು ಹಿಡಿದರೆ ಉಡದ ಪಟ್ಟು, ಏನು ಮಾಡುವುದು!

ಅಕ್ಕ ಸಮುದ್ರದ ಆಳ ಅಳೆಯುವ ಹಡಗಿನಲ್ಲಿ ಇಂಜಿನ್ ಮೆಕ್ಯಾನಿಕ್. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಮೇಜಿನ ಕೆಳಗೆ, ಸತ್ತ ಪ್ರಿಂಟರುಗಳ ಪಕ್ಕ, ಮನೆಮಂದಿಗೆಂದೇ ಒಂದು ಚಾಟ್ ಸರ್ವರ್ ಇಟ್ಟಿದ್ದೇನೆ. ಹಡಗಿನಿಂದ ಅವಳ ಮಾತು ಬರುವುದು ಅದರೊಳಗೆ ಮಾತ್ರ. ಫೋನ್ ಇರುವುದು ಕ್ಯಾಪ್ಟನ್ ಬಳಿ, ಅದೂ ಜೀವಕ್ಕೆ ಕುತ್ತು ಬಂದಾಗ ಮಾತ್ರ ಮುಟ್ಟಲು. ಅಲ್ಲಿಯ ಕಂಪ್ಯೂಟರಿನಲ್ಲಿ ಅವಳ ಸರದಿ ದಿನಾ ಸಂಜೆ ಆರು ಹತ್ತಕ್ಕೆ. ಅಮ್ಮ ಆರಕ್ಕೇ ಅಂಗಡಿಗೆ ಬಂದು, ಕನ್ನಡಕ ಒರೆಸಿಕೊಂಡು, ಸ್ಟೂಲಿನ ಮೇಲೆ ಕೂರುತ್ತಾಳೆ.

ಅಕ್ಕ ಹೊರಡುವ ದಿನ ಜಗಳವಾಗಿತ್ತು. "ಹೋದೋಳು ಇನ್ನು ಬರಲ್ಲ ಬಿಡು. ಅಲ್ಲೇ ಇದ್ದುಬಿಡ್ತೀಯ" ಅಂದುಬಿಟ್ಟಿದ್ದೆ. ಅದಕ್ಕೆ ಅವಳು ಉತ್ತರವನ್ನೇ ಕೊಡಲಿಲ್ಲ. "ಚಾಟ್‌ಗೆ ಪಾಸ್‌ವರ್ಡ್ ಹಾಕ್ತೀನಿ, ಆ ಕಡೆ ತಿರುಗು. ಯಾವತ್ತೂ ನೋಡಲ್ಲ ಅಂತ ಅಮ್ಮನ ಮೇಲೆ ಆಣೆ ಮಾಡು" ಅಂದಳು. ಮಾಡಿದೆ. ಒಂದೇ ಬೆರಳಿನಲ್ಲಿ ಬಹಳ ಹೊತ್ತು ಕುಟ್ಟಿದಳು. ಆಮೇಲೆ ಅಮ್ಮನ ಜೊತೆ ದಿನಾ ಹರಟೆ. ನನ್ನ ಜೊತೆ "ಹೇಗಿದ್ದೀಯೋ", "ಇದ್ದೀನಿ", ಅಷ್ಟೇ. ಕೊನೆಗೆ ಅದೂ ನಿಂತಿತು, ಅಮ್ಮನ ಜೊತೆಯ ಹರಟೆಯೂ. ನನ್ನ ಮೇಲಿನ ಸಿಟ್ಟನ್ನು ಅಮ್ಮನ ಮೇಲೂ ತೀರಿಸುತ್ತಿದ್ದಾಳೆ ಎಂದುಕೊಂಡೆ.

"ನಾಳೆಯಿಂದ ಹಡಗು ಸಿಗ್ನಲ್ ಸಿಗದ ಕಡೆ ಹೋಗುತ್ತಂತಲ್ಲೋ, ಹೊರಡೋವಾಗ್ಲೇ ಹೇಳಿದ್ಲು," ಅಂದಳು ಅಮ್ಮ, ಈ ದಿನ ಐದು ಗಂಟೆಗೇ ಬಂದು. "ನಾಲ್ಕು ತಿಂಗಳು ಅವಳ ಸುದ್ದಿಯೇ ಇರಲ್ಲ. ನಿನ್ನ ಮೂಗಿನ ತುದಿ ಕೋಪ ಅತ್ಲಾಗಿಟ್ಟು ಒಂದ್ಸಲ ನೋಡೋ."

ಗೊಣಗುತ್ತಲೇ, ಯಾರು ಯಾವಾಗ ಬಂದರೆಂದು ಸರ್ವರ್ ಬರೆದಿಡುವ ಲಾಗ್ ತೆರೆದೆ. ಹದಿನೆಂಟು ದಿನವೂ ಆರು ಹತ್ತಕ್ಕೆ ಅಕ್ಕ ಬಂದಿದ್ದಳು. ದಿನಕ್ಕೆ ಎರಡು ಸಲ ಪ್ರಯತ್ನಿಸಿದ್ದಳು. ಪ್ರತಿ ಸಲವೂ ನನ್ನ ಸರ್ವರ್ "ಪಾಸ್‌ವರ್ಡ್ ತಪ್ಪು" ಎಂದು ಅಟ್ಟಿತ್ತು.

ಹದಿನೆಂಟು ದಿನದ ಹಿಂದೆ ಸರ್ವರನ್ನು ಹೊಸದು ಮಾಡಿದವನು ನಾನೇ. ಹಳೆಯದು ಪಾಸ್‌ವರ್ಡನ್ನು ಇದ್ದ ಹಾಗೇ ಇಟ್ಟುಕೊಳ್ಳುತ್ತಿತ್ತು. ಹೊಸದು ಯಾರೂ ಓದಲಾಗದಂತೆ ಪುಡಿ ಮಾಡಿ ಇಡುತ್ತದೆ, ಗುರುತು ಕೇಳುವ ರೀತಿಯೂ ಬೇರೆ. ಹಡಗಿನ ಓಬೀರಾಯನ ಕಾಲದ ತಂತ್ರಾಂಶಕ್ಕೆ ಆ ರೀತಿಯೇ ಗೊತ್ತಿಲ್ಲ. ಅಮ್ಮನ ಫೋನಿನಲ್ಲಿ ಎಲ್ಲ ಸರಿಯಾಗಿ ನಡೆಯಿತೆಂದು ಕೈ ತೊಳೆದುಕೊಂಡಿದ್ದೆ. ಗಿರಾಕಿಗಳಿಗೆಲ್ಲ "ಮೊದಲು ಲಾಗ್ ನೋಡಿ" ಎಂದು ಬುದ್ಧಿ ಹೇಳುವ ಮಹಾಶಯ ನಾನು! ಅಕ್ಕ ಏನಂದುಕೊಂಡಿರಬೇಡ? ತಮ್ಮ ಸಿಟ್ಟಿಗೆ ಬಾಗಿಲು ಹಾಕಿದ ಅಂತಲೇ.

ಅವಳೊಬ್ಬಳಿಗೆ ಹಳೇ ರೀತಿ ತೆರೆಯಬಹುದಿತ್ತು, ಆದರೆ ಅದಕ್ಕೆ ಅವಳ ಪಾಸ್‌ವರ್ಡ್ ಇಡಿಯಾಗಿ ಬೇಕು. ಹಿಟ್ಟಿನಿಂದ ಕಾಳು ವಾಪಸ್ ಬರುತ್ತದೆಯೇ? ಹಳೇ ಸರ್ವರಿನ ಪ್ರತಿಯಿದ್ದ ಡಿಸ್ಕ್ ಮಾತ್ರ ಡ್ರಾಯರಿನಲ್ಲಿತ್ತು. ಅದನ್ನು ಕೈಯಲ್ಲಿ ಹಿಡಿದು ಕೂತೆ. ಗಂಟೆ ಆರಾಗಲು ಐದೇ ನಿಮಿಷ.

"ಯಾಕೋ ಗರ ಬಡಿದವನ ಹಾಗೆ ಕೂತೆ?"

"ನೋಡಲ್ಲ ಅಂತ ನಿನ್ನ ಮೇಲೆ ಆಣೆ ಮಾಡಿದೀನಮ್ಮ."

"ನನ್ನ ಮೇಲೆ ತಾನೇ? ನನಗೇನೂ ಆಗಲ್ಲ. ತೆಗಿ, ಟೈಮಾಯ್ತು."

ತೆರೆದೆ. ಅಕ್ಕನ ಹೆಸರಿನ ಮುಂದೆ, ಜಾಗ ಬಿಡದೆ, ಒಂದೇ ಉಸಿರಿಗೆ ಬರೆದಿದ್ದಳು: ಖಂಡಿತವಾಪಸ್‌ಬರ್ತೀನಿಕಣೋ.

ನನ್ನ ಕಣ್ಣು ಮಂಜಾಯಿತು. ಆ ದಿನ ಬಾಯಲ್ಲಿ ಕೊಡದ ಉತ್ತರವನ್ನು ಅವಳು ದಿನಾ ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದಳು. ನಾನು ಕಟ್ಟಿದ ಯಂತ್ರ ದಿನಾ ಅವಳಿಗೆ ಅದು ತಪ್ಪು ಎಂದು ಹೇಳುತ್ತಿತ್ತು.

ಅದನ್ನು ಹೊಸ ಸರ್ವರಿಗೆ ತುಂಬಿಸಿ ಅವಳೊಬ್ಬಳಿಗೆ ಹಳೇ ರೀತಿ ತೆರೆದೆ, ಸರ್ವರನ್ನು ಮತ್ತೆ ಶುರು ಮಾಡಿದೆ. ಆರು ಹತ್ತಾಯಿತು. ಹನ್ನೊಂದಾಯಿತು. ಅಮ್ಮ ನನ್ನ ತೋಳು ಹಿಡಿದುಕೊಂಡಳು. ಹನ್ನೆರಡಕ್ಕೆ ಅಕ್ಕನ ಹೆಸರು ಹಸಿರಾಯಿತು.

"ಅಬ್ಬಾ, ಇಳಿಯಿತೇನೋ ಕೋಪ?" ಎಂದು ಬರೆದಳು.

"ನಾನು ಬಾಗಿಲು ಹಾಕಿರಲಿಲ್ಲ ಅಕ್ಕ. ಹೊಸ ಸರ್ವರಿಗೂ ನಿಮ್ಮ ಹಡಗಿಗೂ ಆಗಿಬರ್ತಿರಲಿಲ್ಲ."

"ಪಾಸ್‌ವರ್ಡ್ ನೋಡಿದ್ಯಾ?"

"ಹೂಂ."

"ಮತ್ತೆ?" ಎಂದು ಬಂತು.

"ನಂಬಿದೀನಿ. ಬೇಗ ಬಾ ಅಕ್ಕ, ನೀನಿಲ್ಲದೆ ಆಗ್ತಿಲ್ಲ."

ಉಳಿದ ಹೊತ್ತನ್ನು ಅಮ್ಮನಿಗೆ ಬಿಟ್ಟುಕೊಟ್ಟೆ. ಆರೂವರೆಗೆ ಅಕ್ಕನ ಹೆಸರಿನ ಹಸಿರು ಆರಿತು.

ಮರುದಿನವೂ ಅಮ್ಮ ಆರಕ್ಕೇ ಬಂದು ಕನ್ನಡಕ ಒರೆಸಿಕೊಂಡಳು.

"ಇನ್ನು ನಾಲ್ಕು ತಿಂಗಳು ಬರಲ್ವಲ್ಲಮ್ಮ."

"ಗೊತ್ತು ಕಣೋ. ಸುಮ್ನೆ ಕೂತಿರ್ತೀನಿ."

ನಾನೂ ಅವಳ ಪಕ್ಕಕ್ಕೆ ಇನ್ನೊಂದು ಸ್ಟೂಲು ಎಳೆದುಕೊಂಡೆ.