ನೇಕಾರ ಕೊಂಡಪ್ಪನವರು ಮತ್ತು ಚಕ್ರದ ಮೊರ

ಕೊಂಡಪ್ಪನವರ ಜೊತೆ ಮಾತಿಗೆ ನಿಂತವರ ಬಟ್ಟೆಯ ಅಂಚು ಒಂದೆರಡು ನಿಮಿಷದೊಳಗೆ ಅವರ ಕೈಗೆ ಹೋಗಿರುತ್ತದೆ. ಅಂಗಿಯ ತುದಿಯನ್ನೋ, ಹೆಗಲ ಮೇಲಿನ ಟವೆಲಿನ ಮೂಲೆಯನ್ನೋ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು, ಕಣ್ಣನ್ನು ಅರ್ಧ ಮುಚ್ಚಿ, ಅವರು ಮಳೆಯ ಬಗ್ಗೆ, ಕರೆಂಟಿನ ಬಗ್ಗೆ, ಯಾರದೋ ಮನೆಯ ಗೃಹಪ್ರವೇಶದ ಬಗ್ಗೆ ಮಾತಾಡುತ್ತಲೇ ಇರುತ್ತಾರೆ. ಬೆರಳುಗಳು ಮಾತ್ರ ಆ ಮಾತಿಗೂ ತಮಗೂ ಸಂಬಂಧವೇ ಇಲ್ಲವೆಂಬಂತೆ ತಮ್ಮ ಪಾಡಿಗೆ ಎಳೆಗಳನ್ನು ಎಣಿಸುತ್ತಿರುತ್ತವೆ. ನನ್ನ ನಿವೃತ್ತಿಯ ದಿನ ಕಾಲೇಜಿನವರು ಕೊಟ್ಟ ಅಂಗಿಯನ್ನು ಹೀಗೆಯೇ ಹಿಡಿದುಕೊಂಡು, "ಮೂರು ಒಗೆತಕ್ಕೆ ಬರ್ತದೆ ಮೇಷ್ಟ್ರೇ" ಅಂದಿದ್ದರು. ನನಗೆ ಸಿಟ್ಟು ಬಂತು. ಮೂರನೆಯ ಒಗೆತಕ್ಕೆ ಅಂಗಿ ಜಾಳಾಯಿತು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಅವರ ಮನೆ ನಮ್ಮ ಮನೆಗೆ ಎದುರು. ಬೆಳಗ್ಗೆ ಆರಕ್ಕೆ ಅವರ ನಾಲ್ಕು ಮಗ್ಗಗಳು ಶುರುವಾದರೆ ಆ ಶಬ್ದ ಗೋಡೆ ದಾಟಿ, ಹಾಸಿಗೆಗೆ ಬಂದು, ಕನಸಿನ ಕೊನೆಯ ಭಾಗದೊಳಗೆ ಸೇರಿಕೊಳ್ಳುತ್ತದೆ. ಈ ಬೀದಿಯ ಕೂಸುಗಳು ಮಗ್ಗ ಓಡುವಾಗ ಮಲಗುತ್ತವೆ, ಕರೆಂಟು ಹೋಗಿ ನಿಶ್ಶಬ್ದವಾದಾಗ ಬೆಚ್ಚಿ ಅಳುತ್ತವೆ. ಕೊಂಡಪ್ಪನವರ ನಡಿಗೆಯಲ್ಲೂ ಆ ಲಯವಿದೆ. ಎಡಗಾಲು ಹೋಗಿ, ಅರೆಕ್ಷಣ ತಡೆದು, ಬಲಗಾಲು ಬರುತ್ತದೆ. ಪಂಚೆಯ ಮೇಲೆ ಚಳಿಗಾಲ ಬೇಸಿಗೆಯೆನ್ನದೆ ಒಂದು ಕಂದುಬಣ್ಣದ ಕೋಟು, ಅದರ ತೋಳಿನ ತುಂಬ ನೂಲಿನ ನವಿರು ಧೂಳು, ಬಲಜೇಬಿನಲ್ಲಿ ಎಳೆ ಎಣಿಸುವ ಪುಟ್ಟ ಭೂತಗನ್ನಡಿ ಮತ್ತು ಒಂದು ಗಿಡ್ಡ ಕತ್ತರಿ. ಏನು ಕೇಳಿದರೂ ಮೊದಲ ಉತ್ತರ ಒಂದೇ: "ತಡೀರಿ, ಕೈಗೆ ಗೊತ್ತಾಗ್ಲಿ." ಟೊಮ್ಯಾಟೊ ಕೊಳ್ಳುವಾಗಲೂ ಇದನ್ನೇ ಹೇಳುವುದರಿಂದ ತರಕಾರಿಯವಳಿಗೆ ಅವರ ಮೇಲೆ ಅಷ್ಟೇನೂ ಪ್ರೀತಿಯಿಲ್ಲ.

ಅವರ ಮಗ್ಗಗಳು ಇಪ್ಪತ್ತು ವರ್ಷಗಳಿಂದ ನೇಯುತ್ತಿರುವುದು ಕೃತಕ ನೂಲಿನ ಸೀರೆಗಳನ್ನು. ಅದರ ಬಗ್ಗೆ ಅವರು ದೂರುವುದಿಲ್ಲ, ಹೆಮ್ಮೆಯನ್ನೂ ಪಡುವುದಿಲ್ಲ. ಅಪ್ಪಟ ರೇಷ್ಮೆಯಲ್ಲಿ ಅವರು ಕೈಮಗ್ಗದ ಮೇಲೆ ನೇಯ್ದ ಕಟ್ಟಕಡೆಯ ಸೀರೆ, ಅರಿಸಿನದ ಒಡಲು, ಕುಂಕುಮದ ಅಂಚು, ಒಬ್ಬಳೇ ಮಗಳು ರೂಪಾ ಹುಟ್ಟಿದ ವರ್ಷದ್ದು. ಅವಳ ಮದುವೆಗೆಂದೇ ಟ್ರಂಕಿನಲ್ಲಿಟ್ಟಿದ್ದರು. ಮದುವೆ ಬಂದಾಗ ಆ ಬಣ್ಣ ಹಳೆಯ ಕಾಲದ್ದಾಯಿತೆಂದು ರೂಪಾ ಅಂಗಡಿಯ ಸೀರೆ ಉಟ್ಟಳು. ಕೊಂಡಪ್ಪನವರು ಧಾರೆಯ ಹೊತ್ತಿನಲ್ಲಿ ಮಗಳ ಹಿಂದೆ ನಿಂತು, ಆ ಅಂಗಡಿ ಸೀರೆಯ ಸೆರಗನ್ನು ಬೆರಳಿನಲ್ಲಿ ಹಿಡಿದುಕೊಂಡಿದ್ದುದನ್ನು ನಾನು ನೋಡಿದ್ದೇನೆ. ನೋಡಿ, ಬೇರೆ ಕಡೆ ತಿರುಗಿಕೊಂಡಿದ್ದೇನೆ.

ಈ ವರ್ಷ ಶಿವರಾತ್ರಿಗೆ ಮುಂಚೆ ರೂಪಾಳಿಗೆ ತಿಂಗಳು ತುಂಬುವ ಮೊದಲೇ ಹೆಣ್ಣುಮಗು ಹುಟ್ಟಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ವಾರ ಗಾಜಿನ ಪೆಟ್ಟಿಗೆಯೊಳಗಿದ್ದು, ಎರಡು ಕೆಜಿ ದಾಟಿದ ಮೇಲೆ, ಮುಂದಿನ ವಾರ ಮನೆಗೆ ಕರೆದುಕೊಂಡು ಹೋಗಬಹುದೆಂದು ಡಾಕ್ಟರು ಹೇಳಿದರು. ಅಳಿಯ ಮಂಜೇಶ್ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಟ್ಯಾಕ್ಸಿ ಓಡಿಸುವವನು. ಕೂಸಿಗೆಂದು ಪ್ರತ್ಯೇಕ ಸೀಟಿಲ್ಲದ ಕಾರನ್ನು ಹತ್ತಲೊಪ್ಪದ ಪ್ರಯಾಣಿಕರನ್ನು ಅವನು ಕಂಡಿದ್ದಾನೆ. ಕಾರಿನಲ್ಲಿ ಬೆಲ್ಟಿಗೆ ಬಿಗಿಯುವ, ಇಳಿದ ಮೇಲೆ ಹಾಗೇ ಕಳಚಿ ಚಕ್ರದ ಚೌಕಟ್ಟಿನ ಮೇಲೆ ಕೂರಿಸಿದರೆ ತಳ್ಳುಗಾಡಿಯಾಗುವ ಸೀಟೊಂದು ಬೇಕೇ ಬೇಕು ಎಂದು ಅವನು ಹಟ ಹಿಡಿದ.

"ನಾನೇ ಮಡ್ಲಲ್ಲಿ ಇಟ್ಕೊಂಡು ಬರ್ತೀನಿ ಕಣಪ್ಪ," ಅಂದರು ಅವನ ಅತ್ತೆ, ಕೊಂಡಪ್ಪನವರ ಹೆಂಡತಿ ಅಶ್ವತ್ಥಮ್ಮ. "ರೂಪನ್ನ ಹಂಗೇ ಅಲ್ವಾ ತಂದಿದ್ದು?"

"ಬ್ರೇಕ್ ಹಾಕ್ದಾಗ ಕೈ ಸಾಲಲ್ಲ ಅತ್ತೆ. ದಿನಾ ಆ ರೋಡಲ್ಲೇ ಓಡಾಡೋನು ನಾನು. ಏನೇನು ನೋಡಿದೀನೋ ನಿಮಗೆ ಹೇಳಿಲ್ಲ."

ಸೀಟು ಆರಿಸುವ ಕೆಲಸ ಕೊಂಡಪ್ಪನವರ ಪಾಲಿಗೆ ಬಂತು, ಏಕೆಂದರೆ ಬಟ್ಟೆಯಿರುವ ಯಾವ ವಸ್ತುವೂ ಅವರ ಕೈ ದಾಟದೆ ಆ ಮನೆಯೊಳಗೆ ಬರುವಂತಿಲ್ಲ. ಇಂಗ್ಲಿಷಿನ ಕೈಪಿಡಿ ಓದಿ ಹೇಳಲು ಮೇಷ್ಟ್ರು ಇರಲಿ ಎಂದು ನನ್ನನ್ನೂ ಕಾರಿಗೆ ಹತ್ತಿಸಿಕೊಂಡರು.

ಹೊಲಗಳ ಮೇಲಿನ ಮಂಜು ಇನ್ನೂ ಪೂರ್ತಿ ಕರಗಿರದ ಬೆಳಗಿನಲ್ಲಿ ರಾಜಾನುಕುಂಟೆ ದಾಟಿ ಯಲಹಂಕದ ಆ ಅಂಗಡಿಗೆ ಹೋದದ್ದು ಈಗ ನೆನೆದರೆ ನಿದ್ದೆಯಲ್ಲಿ ನಡೆದ ಸಂಗತಿಯಂತೆ ತೋರುತ್ತದೆ. ಒಳಗೆ ಎಲ್ಲವೂ ಮೆತ್ತಗೆ, ತಿಳಿಬಣ್ಣದ್ದು, ಗಾತ್ರದಲ್ಲಿ ಚಿಕ್ಕದು. ಎಲ್ಲಿಂದಲೋ ಸಣ್ಣಗೆ ಸಂಗೀತ ಬರುತ್ತಿತ್ತು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ಹುಡುಗಿಯೊಬ್ಬಳು ಸೀಟನ್ನು ಚಕ್ರದ ಮೇಲೆ ಇಟ್ಟಳು, ಟಕ್ ಎಂದು ಕೂತಿತು; ಒಂದು ಗುಂಡಿ ಒತ್ತಿದಳು, ಬಿಟ್ಟುಕೊಂಡಿತು; ಒಂದೇ ಕೈಯಲ್ಲಿ ಗಾಡಿಯನ್ನು ಮಡಚಿ ಗೋಡೆಗೆ ಒರಗಿಸಿದಳು. ಆ ಮೂರು ಶಬ್ದಗಳ ನಡುವೆ ಒಂದಾದ ಮೇಲೊಂದರಂತೆ ಕಾರಿನ ಸೀಟು, ತೊಟ್ಟಿಲು, ಗಾಡಿ ಎಲ್ಲವೂ ಆಗಿಹೋದ ಆ ವಸ್ತುವನ್ನು ಅಶ್ವತ್ಥಮ್ಮ ಬಾಯಿ ತೆರೆದು ನೋಡುತ್ತಿದ್ದರು. ಹತ್ತಿರ ಹೋಗಿ, ಅದರ ಬಾಗಿದ ತಳವನ್ನು ಸವರಿ, ಸಮಾಧಾನದಿಂದ ಅಂದರು: "ಮೊರ ಕಣ್ರೀ ಇದು. ಕೂಸನ್ನ ಮೊರದಲ್ಲಿ ಮಲಗಿಸ್ತೀವಲ್ಲ, ಅದಕ್ಕೇ ಚಕ್ರ ಹಾಕವ್ರೆ."

ಆ ಮಾತಿನಿಂದ ಅರ್ಧ ಜಗಳ ಅಲ್ಲಿಗೇ ಮುಗಿಯಿತು. ಉಳಿದರ್ಧ, ಕೂಸು ಕಾರಿನಲ್ಲಿ ಹಿಂದಕ್ಕೆ ಮುಖ ಮಾಡಿ ಕೂರಬೇಕೆಂದು ಹುಡುಗಿ ಹೇಳಿದಾಗ ಮತ್ತೆ ತಲೆಯೆತ್ತಿತು. ಹೋಗುವ ದಾರಿ ಕಾಣದಂತೆ ಮಗುವನ್ನು ಕೂರಿಸುವುದು ಯಾವ ಸೀಮೆಯ ಪದ್ಧತಿ ಎಂದು ಅಶ್ವತ್ಥಮ್ಮ ಕೇಳಿದರು. ಹಾಗೆ ಕೂತರೆ ಬ್ರೇಕಿನ ಪೆಟ್ಟು ಕತ್ತಿಗೆ ಬೀಳದೆ ಬೆನ್ನಗಲಕ್ಕೆ ಹಂಚಿಹೋಗುತ್ತದೆಂದು ಮಂಜೇಶ್ ವಿವರಿಸಿದ. ಕೊಂಡಪ್ಪನವರು ಅವಸರವಿಲ್ಲದೆ, "ಇರ್ಲಿ ಬಿಡೇ. ಮಗ್ಗದ ಮುಂದೆ ಕೂತೋನಿಗೂ ನೇಯ್ದಿರೋದೇ ಕಾಣೋದು, ಮುಂದಿಂದು ಕಾಣಲ್ಲ" ಅಂದರು.

ಅಂಗಡಿಯಲ್ಲಿ ಹತ್ತು ಬಗೆಯ ಸೀಟುಗಳಿದ್ದವು. ಎರಡು ಕೆಜಿಯ ಕೂಸಿಗೆ ಆಗುವಂಥವು ಮೂರೇ ಎಂದು ಹುಡುಗಿ ಚೀಟಿ ನೋಡಿ ಬೇರ್ಪಡಿಸಿದಳು. ಒಂದು ಕಡುಗೆಂಪು, ಹಾಲಿನ ಬಾಟಲಿ ಇಡಲು ಜಾಗವಿದ್ದದ್ದು. ಇನ್ನೊಂದಕ್ಕೆ ಚಿನ್ನದ ಬಣ್ಣದ ಹಿಡಿ. ಮೂರನೆಯದು ಬರಿ ಬೂದಿಬಣ್ಣ, ಯಾವ ಅಲಂಕಾರವೂ ಇಲ್ಲದ್ದು. ಮಂಜೇಶನ ಕಣ್ಣು ಕೆಂಪಿನ ಮೇಲಿತ್ತು. ಕೊಂಡಪ್ಪನವರು ಮೂರರ ಮುಂದೆಯೂ ಮಂಡಿಯೂರಿ ಕೂತರು. ಚಕ್ರವನ್ನಾಗಲಿ ಹಿಡಿಯನ್ನಾಗಲಿ ಅವರು ನೋಡಲಿಲ್ಲ. ಹೆಗಲಿನಿಂದ ಇಳಿಯುವ ಬೆಲ್ಟಿನ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದು ಕಣ್ಣು ಮುಚ್ಚಿದರು. ಹುಡುಗಿ ತನ್ನ ವಿವರಣೆಯನ್ನು ಅರ್ಧಕ್ಕೆ ನಿಲ್ಲಿಸಿ ನನ್ನ ಮುಖ ನೋಡಿದಳು. ಸ್ವಲ್ಪ ತಡೆಯಮ್ಮ ಎಂದು ಸನ್ನೆ ಮಾಡಿದೆ. ಭೂತಗನ್ನಡಿ ಹೊರಬಂತು, ಒಳಗೆ ಹೋಯಿತು. ಬಹಳ ಹೊತ್ತಿನ ಮೇಲೆ ಬೂದಿ ಸೀಟಿನ ಪಟ್ಟಿಯನ್ನು ಕೆಳಗಿಟ್ಟು, "ಇದು" ಅಂದರು. ಆಮೇಲೆ ಅದರ ಒಡಲಿನ ಬಟ್ಟೆಯನ್ನು ಅಂಗೈಯಿಂದ ಸವರಿ ಮುಖ ಸಿಂಡರಿಸಿದರು. "ಪಟ್ಟಿ ಗಟ್ಟಿ ಐತೆ. ಬಟ್ಟೆ ಮಾತ್ರ ಒರಟು. ನಮ್ಮ ಮಗ್ಗದಲ್ಲಿ ಬರೋ ಅಂಥದ್ದೇ ನೂಲು. ಎರಡು ಕೆಜಿ ಕೂಸಿನ ಮೈ ಏನಾಗ್ಬೇಕು?"

ಅದಕ್ಕೆ ಅವರು ಕಂಡುಕೊಂಡ ಪರಿಹಾರ ಏನೆಂದು ನಾಲ್ಕು ದಿನದ ಮೇಲೆ ತಿಳಿಯಿತು. ಕರೆಂಟು ಹೋದ ಒಂದು ಮಧ್ಯಾಹ್ನ, ಬೀದಿಯೆಲ್ಲ ಕಿವಿ ಮುಚ್ಚಿದಂತೆ ಸ್ತಬ್ಧವಾಗಿದ್ದಾಗ, ನಾನು ಅವರ ಮನೆಗೆ ಹೋದೆ. ಟ್ರಂಕು ತೆರೆದಿತ್ತು. ನೇಯ್ದ ಬಟ್ಟೆಗೆ ಕತ್ತರಿ ಹಾಕುವುದೆಂದರೆ ಮುಖ ತಿರುಗಿಸುತ್ತಿದ್ದ ಮನುಷ್ಯ, ಆ ಅರಿಸಿನದ ಸೀರೆಯ ಸೆರಗಿನ ಕಡೆಯಿಂದ ಎರಡು ಮೊಳ ಕತ್ತರಿಸಿ, ಬೆಲ್ಟು ಬರುವ ಕಡೆ ಸೀಳು ಬಿಟ್ಟು ಅಂಚು ಮಡಚಿ, ಸೀಟಿನ ಒಳಮೈಗೆ ಹೊಂದಿಸಿ ಹೊಲಿಯುತ್ತಿದ್ದರು. ಕಿಟಕಿಯ ಬಿಸಿಲು ರೇಷ್ಮೆಯ ಮೇಲೆ ಬಿದ್ದು ಅವರ ಗಲ್ಲದ ಕೆಳಗೆ ಹಳದಿಯಾಗಿ ಅಲುಗುತ್ತಿತ್ತು. ಎಳೆಗೂಸಿಗೆ ಹೊಸಬಟ್ಟೆ ಸೋಕಿಸಬಾರದು, ನನ್ನ ಹಳೇ ಸೀರೆ ತುಂಡು ಸಾಕು ಎಂದು ಅಶ್ವತ್ಥಮ್ಮ ಅಡುಗೆಮನೆಯಿಂದಲೇ ಆಕ್ಷೇಪಿಸಿದರು.

"ಇದು ಹೊಸದಲ್ವಲ್ಲೇ," ಅಂದರು ಕೊಂಡಪ್ಪನವರು. "ಇಪ್ಪತ್ತೇಳು ವರ್ಷದ್ದು. ಅವ್ರಮ್ಮನಷ್ಟೇ ವಯಸ್ಸು." ಆಮೇಲೆ ನನ್ನ ಕಡೆ ತಿರುಗಿ, ದನಿ ತಗ್ಗಿಸಿ, "ಅವಳು ಉಡ್ಲಿಲ್ಲ. ಇವಳಾದ್ರೂ ಮೊದಲನೇ ಸಲ ಮನೆಗೆ ಬರ್ವಾಗ ನನ್ನ ಕೈ ಬಟ್ಟೆ ಮೇಲೆ ಬರ್ಲಿ ಮೇಷ್ಟ್ರೇ. ಅಷ್ಟೇ ನನ್ನಾಸೆ" ಅಂದರು.

ಇಷ್ಟು ವರ್ಷದಲ್ಲಿ ಅವರು ಆಸೆ ಎಂಬ ಪದವನ್ನು ಬಳಸಿದ್ದನ್ನು ನಾನು ಕೇಳಿರಲಿಲ್ಲ. ಕೈಪಿಡಿಯನ್ನು ನಾನು ಓದಿಯಾಗಿತ್ತು. ಚಕ್ರಕ್ಕೆ ಎಣ್ಣೆ ಬಿಡುವುದು, ಚೌಕಟ್ಟು ಮಡಚುವುದು ಎಲ್ಲವನ್ನೂ ವಿವರಿಸಿ ಹೇಳಿದ್ದೆ. ಸೀಟಿನ ಜೊತೆಗೆ ಬಂದ ಮೆತ್ತೆಯ ಹೊರತು ಬೇರಾವ ಬಟ್ಟೆಯನ್ನೂ ಒಳಗೆ ಹಾಸಬಾರದು ಎಂಬ ಸಾಲು ಹನ್ನೊಂದನೆಯ ಪುಟದ ಕೆಳಗಿತ್ತು. ಮೂವತ್ತೈದು ವರ್ಷ ಮಕ್ಕಳಿಗೆ ಪಾಠವನ್ನು ಕೊನೆಯ ಸಾಲಿನವರೆಗೆ ಓದಿ ಎಂದು ಬೈದವನು ಆ ಸಾಲನ್ನು ನೋಡಿದ್ದು ಎಲ್ಲ ಮುಗಿದು ಮಗು ಮನೆಗೆ ಬಂದ ಮೇಲೆ.

ಮಗುವನ್ನು ಕರೆತರುವ ದಿನ ಆಸ್ಪತ್ರೆಯ ಮುಂಭಾಗದಲ್ಲಿ ಸೀಟನ್ನು ಚಕ್ರದ ಮೇಲಿಟ್ಟುಕೊಂಡು ಕಾದು ನಿಂತಿದ್ದೆವು. ರೂಪಾ ನಿಧಾನವಾಗಿ ನಡೆದು ಬಂದಳು. ರೇಷ್ಮೆಯನ್ನು ಕಂಡವಳೇ ನಿಂತಳು. ಅದು ಯಾವ ಸೀರೆ ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. "ಅಪ್ಪ" ಎಂದಷ್ಟೇ ಅಂದು, ಅಪ್ಪನ ಕೋಟಿನ ತೋಳು ಹಿಡಿದುಕೊಂಡು ಅತ್ತುಬಿಟ್ಟಳು. ಐದು ವರ್ಷದಿಂದ ಇಬ್ಬರ ನಡುವೆ ಮಾತಿಗೆ ಬಾರದೆ ಉಳಿದಿದ್ದದ್ದು ಆ ಅಳುವಿನಲ್ಲಿ ಕರಗಿಹೋಯಿತೆಂದು ನನಗೆ ಅನ್ನಿಸಿತು. ನರ್ಸು ಮಗುವನ್ನು ಮಲಗಿಸಿ, ಬೆಲ್ಟು ಬಿಗಿದು, "ಮಹಾರಾಣಿ ಥರ ಇದಾಳೆ ತಾತ" ಅಂದಳು. ಅರಿಸಿನದ ಹೊಳಪಿನ ನಡುವೆ ಮುಷ್ಟಿಯಷ್ಟು ಮುಖ, ಮುಚ್ಚಿದ ಕಣ್ಣು. ಎಲ್ಲರಿಗೂ ತೃಪ್ತಿಯಾಗಿತ್ತು.

ಕೊಂಡಪ್ಪನವರು ಬಗ್ಗಿದರು. ಮಗುವಿನ ಹೆಗಲ ಮೇಲಿನ ಪಟ್ಟಿಯ ಕೆಳಗೆ ಒಂದು ಬೆರಳು ತೂರಿಸಿದರು. ಇನ್ನೊಂದು ಕೈಯಿಂದ ಸೀಟನ್ನು ತುಸು ಮುಂದಕ್ಕೆ ಬಾಗಿಸಿದರು. ಮಗು ಒಂದು ಬೆರಳಿನಷ್ಟು ಕೆಳಗೆ ಜಾರಿತು. ನೇರ ಮಾಡಿದರು, ಬೆಲ್ಟನ್ನು ಮತ್ತೆ ಬಿಗಿದರು, ಮತ್ತೆ ಬಾಗಿಸಿದರು. ಮತ್ತೆ ಜಾರಿತು.

"ಮಗೂನ ಎತ್ಕೊಳ್ಳೇ," ಅಂದರು ಹೆಂಡತಿಗೆ.

"ಯಾಕಪ್ಪ? ಚೆನ್ನಾಗಿದೆ, ಇರ್ಲಿ," ಅಂದಳು ರೂಪಾ.

"ಚೆನ್ನಾಗಿರೋದು ಬೇರೆ, ಹಿಡಿಯೋದು ಬೇರೆ ಕಣವ್ವ. ರೇಷ್ಮೆಗೆ ಹಿಡಿತ ಇಲ್ಲ, ಜಾರ್ತದೆ. ಚಿಕ್ಕ ಹುಡುಗ ಆಗಿದ್ದಾಗ್ಲಿಂದ ಗೊತ್ತು ನನಗೆ. ಗೊತ್ತಿದ್ದೂ ಹಾಕ್ಬಿಟ್ಟೆ."

"ನಾನು ನಿಧಾನಕ್ಕೆ ಓಡಿಸ್ತೀನಿ ಮಾವ," ಅಂದ ಮಂಜೇಶ್. ಅವನಿಗೂ ಹೆಂಡತಿಯ ಮುಖ ನೋಡಿ ಮನಸ್ಸು ಕರಗಿತ್ತು.

"ನೀನು ನಿಧಾನಕ್ಕೆ ಓಡಿಸ್ತೀಯಪ್ಪ. ಎದುರಿಂದ ಬರೋನು?"

ಆವರಣದ ಹೊಂಗೆಮರದ ಕೆಳಗಿನ ಕಟ್ಟೆಯ ಮೇಲೆ ಕೂತು, ಸೀಟನ್ನು ತೊಡೆಯ ಮೇಲಿಟ್ಟುಕೊಂಡು, ಕೊಂಡಪ್ಪನವರು ಗಿಡ್ಡ ಕತ್ತರಿಯಿಂದ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚಿದರು. ಅವಸರ ಮಾಡಲಿಲ್ಲ, ಕೆಳಗಿನ ಒರಟು ಬಟ್ಟೆಯ ಒಂದು ಎಳೆಗೂ ಕತ್ತರಿಯ ಮೊನೆ ತಾಗದಂತೆ, ಹೊಲಿದದ್ದಕ್ಕಿಂತ ಹೆಚ್ಚು ಜತನದಿಂದ ಬಿಚ್ಚಿದರು. ಗೇಟಿನ ಕಾವಲುಗಾರ ಕಾರು ತೆಗೆಯಿರೆಂದು ಎರಡು ಸಲ ಬಂದು ಹೋದ. ಹಸಿರು ನೆರಳು, ತೂಕಡಿಕೆ ತರುವ ಬಿಸಿಲು, ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋದ ಕೂಸು. ಆ ಅರ್ಧ ಗಂಟೆ, ಕಾಲವೇ ಎಲ್ಲಿಯೋ ನಿಂತುಕೊಂಡು ನಮ್ಮನ್ನು ನೋಡುತ್ತಿತ್ತೇನೋ ಎನ್ನಿಸಿತು. ಬಿಚ್ಚಿದ ತುಂಡನ್ನು ರೂಪಾ ಕೈಚಾಚಿ ತೆಗೆದುಕೊಂಡಳು. ಬಾಣಂತಿಯ ಕಿವಿಗೆ ಗಾಳಿ ಸೋಕಬಾರದಲ್ಲ, ಸೀಳುಗಳಿದ್ದ ಹಾಗೆಯೇ ಅದನ್ನು ತಲೆಗೆ ಸುತ್ತಿ ಗಲ್ಲದ ಕೆಳಗೆ ಗಂಟು ಹಾಕಿಕೊಂಡಳು. ಅಪ್ಪ ನೋಡಲಿಲ್ಲ, ಅಥವಾ ನೋಡದಂತಿದ್ದರು.

ಮಗು ಆ ಬೂದಿಬಣ್ಣದ ಒರಟು ಬಟ್ಟೆಯ ಮೇಲೆಯೇ ಮನೆಗೆ ಬಂತು. ಈ ಸಲ ಬೆಲ್ಟು ಬಿಗಿದು ಬಾಗಿಸಿದಾಗ ಅದು ಕೂದಲೆಳೆಯಷ್ಟೂ ಜಾರಲಿಲ್ಲ. ಕೊಂಡಪ್ಪನವರು ಹಿಂದಿನ ಸೀಟಿನಲ್ಲಿ ಅದರ ಪಕ್ಕ ಕೂತು, ಯಲಹಂಕ ದಾಟುವವರೆಗೂ ಬೆಲ್ಟಿನ ಪಟ್ಟಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡಿದ್ದರು. ಆಮೇಲೆ, ಯಾರಿಗೆಂದಿಲ್ಲದೆ, "ಈ ಪಟ್ಟಿ ನೇಯ್ದೋನು ಯಾವೂರೋನೋ ಏನೋ. ಒಂದೆಳೆ ತಪ್ಪಿಲ್ಲ. ಅವನ ಕೈ ತಣ್ಣಗಿರ್ಲಿ" ಅಂದರು.

ಕೈಕಸುಬಿನವರು ತಮ್ಮ ಕೆಲಸವನ್ನು ಪ್ರೀತಿಸುವುದು ಲೋಕಕ್ಕೆ ಗೊತ್ತಿರುವ ಸಂಗತಿ. ಆ ಪ್ರೀತಿಯಲ್ಲಿ ಎಷ್ಟೋ ಜನ ಕುರುಡರಾಗುವುದೂ ಗೊತ್ತಿರುವುದೇ. ಆದರೆ ಅವರ ನಡುವೆ ವಿರಳವಾಗಿ ಇನ್ನೊಂದು ಬಗೆಯವರಿದ್ದಾರೆ. ತಮ್ಮ ಕಸುಬಿನ ಗುಣವನ್ನು ಬಲ್ಲಷ್ಟೇ ಚೆನ್ನಾಗಿ ಅದರ ದೋಷವನ್ನೂ ಬಲ್ಲವರು; ಆ ದೋಷ ಹೊರಗಿನವರ ಕಣ್ಣಿಗೆ ಬೀಳುವ ಮೊದಲೇ, ಎಲ್ಲರೂ ಮೆಚ್ಚಿ ನಿಂತ ಹೊತ್ತಿನಲ್ಲೇ, ತಾವಾಗಿ ಮುಂದೆ ಬಂದು ಒಪ್ಪಿಕೊಳ್ಳುವವರು. ಅಕ್ಕರೆಯಿಂದ ಕೊಟ್ಟದ್ದನ್ನು ಬೇಡವೆನ್ನುವ ಶಕ್ತಿ ಕೊಡುಗೆ ಪಡೆದವರಿಗೆ ಎಷ್ಟೋ ಸಲ ಇರುವುದಿಲ್ಲ, ಅದನ್ನು ಕೊಟ್ಟವರೇ ಹಿಂದಕ್ಕೆ ತೆಗೆದುಕೊಳ್ಳಬೇಕು. ಹಾಗೆ ತೆಗೆದುಕೊಳ್ಳುವಾಗ ಅವರಿಗೆ ಎಷ್ಟು ನೋಯುತ್ತದೆಂದು ನಮಗೆ ಗೊತ್ತಾಗುವುದಿಲ್ಲ, ಅವರು ಹೇಳುವುದೂ ಇಲ್ಲ. ಅಂಥವರ ಮನೆಗಳಲ್ಲಿ ಮಕ್ಕಳು, ತಮಗಾಗಿ ಯಾರು ಏನನ್ನು ಬಿಟ್ಟುಕೊಟ್ಟರೆಂಬ ಅರಿವೇ ಇಲ್ಲದೆ, ಸುಖವಾಗಿ ನಿದ್ದೆಮಾಡುತ್ತ ಮನೆ ಸೇರುತ್ತವೆ.